ಅವ್ವನ ದೂರು ತಗೊಳ್ಳಲು ಒಬ್ಬರನ್ನು ಗೊತ್ತು ಮಾಡಿ: ದಾವಣಗೆರೆ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ನಮಸ್ಕಾರ.

ನಾನು ನಿಟುವಳ್ಳಿಯವಳು. ಏಳು ತಿಂಗಳು ಕಚೇರಿಯಿಂದ ಕಚೇರಿಗೆ ಅಲೆದು ಸಾಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಕೇಳುವುದು ಒಂದೇ. ಮನೆಗೆ ಬಂದು ವಯಸ್ಸಾದವರನ್ನು ನೋಡಿಕೊಳ್ಳುವವರಿಂದ ತೊಂದರೆಯಾದರೆ, ಆ ದೂರು ತಗೊಳ್ಳಲು ಒಬ್ಬ ಅಧಿಕಾರಿಯನ್ನು ಗೊತ್ತು ಮಾಡಿ.

ನಮ್ಮ ಅವ್ವನಿಗೆ 76 ವರ್ಷ. ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿದೆ. ಮಾತೂ ಹೋಗಿದೆ. ನಾನು, ನನ್ನ ಗಂಡ ಇಬ್ಬರೂ ದುಡಿಯಲೇಬೇಕು. ಹಾಗಾಗಿ ಒಂದು ಏಜೆನ್ಸಿಯಿಂದ ಹೋಂ ನರ್ಸ್ ಇಟ್ಟುಕೊಂಡೆವು. ತಿಂಗಳಿಗೆ 18 ಸಾವಿರ, ಮೇಲೆ ಒಂದು ತಿಂಗಳ ಅಡ್ವಾನ್ಸ್. ತರಬೇತಿ ಆದವರು ಅಂದರು. ನಂಬಿದೆವು.

ಒಂದಿನ ಮೈ ಬಿಸಿಯಾಗಿ ಮಧ್ಯಾಹ್ನವೇ ಮನೆಗೆ ಬಂದೆ. ಟಿವಿ ಜೋರಾಗಿತ್ತು. ಒಳಗೆ ಅವ್ವನ ಎಡಗೈಯನ್ನು ವೇಲಿನಿಂದ ಮಂಚದ ಕಂಬಿಗೆ ಕಟ್ಟಿ ಹಾಕಿದ್ದಳು. ಅವ್ವನಿಗೆ ಉಳಿದಿರುವುದೇ ಆ ಒಂದು ಕೈ. ಮುಂಗೈ ಊದಿ ಕೆಂಪಾಗಿತ್ತು. ಹಾಸಿಗೆ ಒದ್ದೆ. ಬೆಳಿಗ್ಗೆ ನಾನು ಮಾಡಿಟ್ಟ ಗಂಜಿ ಮುಚ್ಚಿದ ಹಾಗೇ ಇತ್ತು. ಕೇಳಿದರೆ, "ಡೈಪರ್ ಕಿತ್ತು ಹಾಕ್ತಾರೆ ಅಕ್ಕಾ, ಅದಕ್ಕೇ ಕಟ್ಟಿದೆ" ಅಂದಳು. ಅವ್ವ ಅಳುತ್ತಿದ್ದಳು, ಸದ್ದೇ ಇಲ್ಲದೆ. ಹೊರಳಿಸಿ ನೋಡಿದರೆ ಸೊಂಟದ ಕೆಳಗೆ ಹುಣ್ಣು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಎಂದು ಡಾಕ್ಟರು ಹೇಳಿದ್ದರು. ರಾತ್ರಿಯಾದರೂ ನಾನು ನೋಡಬೇಕಿತ್ತು. ನೋಡಲಿಲ್ಲ. ಆ ಸಂಕಟ ನನಗೆ ಹೋಗಿಲ್ಲ.

ಏಜೆನ್ಸಿಯವರು ಹೇಳಿದ್ದು ಇಷ್ಟೇ: "ಬೇರೆ ಹುಡುಗಿ ಕಳಿಸ್ತೀವಿ ಮೇಡಂ." ಮೂರು ವಾರದ ನಂತರ ಪಾರ್ಕಿನಲ್ಲಿ ಅದೇ ಹೆಂಗಸು ಇನ್ನೊಬ್ಬ ಅಜ್ಜನ ಗಾಲಿಕುರ್ಚಿ ತಳ್ಳುತ್ತಿದ್ದಳು. ಹೆಸರು, ಫೋಟೋ ಸಮೇತ ದೂರು ಕೊಟ್ಟ ಮೇಲೂ ಅವಳನ್ನು ಇನ್ನೊಂದು ಮನೆಗೆ ಕಳಿಸಿದ್ದರು! ನಾನೇ ಆ ಅಜ್ಜನ ಸೊಸೆಯನ್ನು ಹುಡುಕಿಕೊಂಡು ಹೋಗಿ ಹೇಳಿದೆ. ಇದು ನನ್ನ ಕೆಲಸವಾ ಸರ್?

ಒಂದು ಕಚೇರಿಯಲ್ಲಿ, ನಾವು ನೋಡುವುದು ಆಸ್ಪತ್ರೆ, ಕ್ಲಿನಿಕ್ಕು ಮಾತ್ರ ಅಂದರು. ಇನ್ನೊಂದರಲ್ಲಿ, ಕೆಲಸದವರಿಗೆ ಅನ್ಯಾಯವಾದರೆ ಬನ್ನಿ ಅಂದರು. ಠಾಣೆಯಲ್ಲಿ ಇದು ನಿಮ್ಮ ಖಾಸಗಿ ವ್ಯವಹಾರ ಎಂದು ಹಿಂಬರಹ ಕೊಟ್ಟರು. ಹಿರಿಯರ ಸಹಾಯವಾಣಿ 14567ಕ್ಕೂ ಕರೆ ಮಾಡಿದೆ. ಅವರು ಸಮಾಧಾನದಿಂದ ಕೇಳಿಕೊಂಡರು. ಆದರೆ ಇಲ್ಲಿ, ನಮ್ಮ ಊರಲ್ಲಿ, ಬಂದು ನೋಡುವವರು ಯಾರು?

ಕಾನೂನು ನಿಮಗೆ ಗೊತ್ತು. ನಡೆಯಲಾಗದವರನ್ನು ನೋಡಿಕೊಳ್ಳುತ್ತೇನೆ ಎಂದು ಒಪ್ಪಿಕೊಂಡು, ಬೇಕೆಂದೇ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 357ನೇ ಕಲಮಿನಲ್ಲಿ ಶಿಕ್ಷೆಯಿದೆ. ಮೂರು ತಿಂಗಳವರೆಗೆ ಜೈಲು, ಇಲ್ಲವೇ ಐದು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಹಿರಿಯ ನಾಗರಿಕರ ಕಾಯ್ದೆ 2007ರಿಂದಲೂ ಇದೆ. ಅದರಲ್ಲಿ ಜಿಲ್ಲಾ ದಂಡಾಧಿಕಾರಿಗಳ ಹೊಣೆ ಏನು ಎಂದು ನಾನು ನಿಮಗೆ ಹೇಳಬೇಕಿಲ್ಲ. ಇಂಥ ಏಜೆನ್ಸಿಗಳು ನೋಂದಣಿ ಮಾಡಿಸಬೇಕು, ಪ್ರತಿ ಠಾಣೆಯಲ್ಲೂ ಹಿರಿಯರಿಗಾಗಿ ಒಬ್ಬ ಪೊಲೀಸ್ ಅಧಿಕಾರಿ ಇರಬೇಕು ಎಂದು 2019ರಲ್ಲಿ ತಿದ್ದುಪಡಿ ಮಸೂದೆಯೂ ಲೋಕಸಭೆಗೆ ಬಂದಿತ್ತು. ಅದು ಕಾಯ್ದೆಯಾಗಲೇ ಇಲ್ಲ. ಅಂಥ ಕಾಯ್ದೆ ಬರುವವರೆಗೆ ನಮ್ಮ ಅವ್ವಂದಿರು ಕಾಯಬೇಕಾ?

ಈ ಕೆಲಸ ಮಾಡುವವರೆಲ್ಲ ಕೆಟ್ಟವರಲ್ಲ. ಈಗ ನಮ್ಮ ಮನೆಗೆ ಬರುವಾಕೆ ಅವ್ವನ ತಲೆ ಬಾಚಿ ಹೂ ಮುಡಿಸುತ್ತಾಳೆ. ಹಗಲು ರಾತ್ರಿ ನಿದ್ದೆ ಇಲ್ಲದೆ ದುಡಿದು, ಕಮಿಷನ್ ಹೋಗಿ ಉಳಿದದ್ದನ್ನು ಮನೆಗೆ ಕಳಿಸುತ್ತಾಳೆ. ಅವಳಿಗೆ ತೊಂದರೆಯಾದರೂ ಹೇಳಿಕೊಳ್ಳಲು ಒಂದು ಜಾಗ ಬೇಕು ಅಲ್ವಾ?

ಅದಕ್ಕೇ ಮತ್ತೆ ಕೇಳುತ್ತೇನೆ. ಒಬ್ಬ ಅಧಿಕಾರಿಯನ್ನು ಗೊತ್ತು ಮಾಡಿ. ಅವರ ಹೆಸರು, ಫೋನ್ ನಂಬರ್ ಬೋರ್ಡಿನಲ್ಲಿ ಬರೆಸಿ. ದೂರು ಕೊಟ್ಟರೆ ಸ್ವೀಕೃತಿ ಕೊಡಲಿ, ಮನೆಗೆ ಬಂದು ನೋಡಲಿ. ತನಿಖೆ ಮುಗಿಯುವವರೆಗೆ ಆ ವ್ಯಕ್ತಿಯನ್ನು ಬೇರೆ ಮನೆಗೆ ಕಳಿಸದಂತೆ ತಡೆಯಲಿ. ಜಾಸ್ತಿ ಏನೂ ಕೇಳುತ್ತಿಲ್ಲ. ಒಬ್ಬರನ್ನು ಗೊತ್ತು ಮಾಡಿ.

ಅವ್ವನ ಹುಣ್ಣು ಮಾಯ್ದಿದೆ. ಆದರೆ ಬಳೆ ತೊಡಿಸಲು ಎಡಗೈ ಹಿಡಿದರೆ ಈಗಲೂ ಸಟಕ್ಕನೆ ಎಳೆದುಕೊಳ್ಳುತ್ತಾಳೆ. ನನ್ನ ಕೈಯನ್ನೂ ನಂಬುವುದಿಲ್ಲ.

ದೂರಿನ ಪ್ರತಿ, ಹಿಂಬರಹ, ಫೋಟೋ ಎಲ್ಲ ನನ್ನ ಹತ್ತಿರ ಇವೆ. ಕರೆದ ದಿನ ತರುತ್ತೇನೆ.

ಇಂತಿ,
ನಿಟುವಳ್ಳಿಯ ಒಬ್ಬ ಮಗಳು