ವಿರುದ್ಧ ಪದಗಳ ಪಟ್ಟಿಯಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಇಂಗ್ಲಿಷ್ ಪದವೊಂದರ ಆದಿಯಲ್ಲಿ ‘ಅನ್’, ‘ಇನ್’, ‘ಡಿಸ್’, ‘ನಾನ್’ ಮುಂತಾದ ಪೂರ್ವಪ್ರತ್ಯಯಗಳಲ್ಲಿ ಒಂದನ್ನು ಸೇರಿಸಿದರೆ ಅದರ ವಿರುದ್ಧ ಪದ ಸಿದ್ಧವಾಗುತ್ತದೆ ಎಂದು ಕಲಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ‘ಹ್ಯಾಪಿ–ಅನ್‌ಹ್ಯಾಪಿ’, ‘ಪಾಸಿಬಲ್–ಇಂಪಾಸಿಬಲ್’ ಎಂದು ಬಾಯಿಪಾಠ ಮಾಡಿದವರಿಗೆ ಪರೀಕ್ಷೆಯಲ್ಲಿ ಅಂಕವೇನೋ ಸಿಗುತ್ತದೆ. ಆದರೆ ಈ ಪ್ರತ್ಯಯಗಳೆಲ್ಲ ಒಂದೇ ಬಗೆಯ ನಿಷೇಧವನ್ನು ಹೇಳುವುದಿಲ್ಲ ಎಂಬ ಮುಖ್ಯ ಸಂಗತಿ ಆ ಪಟ್ಟಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಒಂದೇ ಪದಕ್ಕೆ ಎರಡು ಪ್ರತ್ಯಯಗಳು ಸೇರುವ ಕಡೆ ಇದು ಸ್ಪಷ್ಟವಾಗುತ್ತದೆ. ‘ಅನ್‌ಇಂಟರೆಸ್ಟೆಡ್’ ಎಂದರೆ ಆಸಕ್ತಿಯಿಲ್ಲದವರು. ‘ಡಿಸ್‌ಇಂಟರೆಸ್ಟೆಡ್’ ಎಂದರೆ, ಎಚ್ಚರದಿಂದ ಬರೆಯುವವರ ಬಳಕೆಯಲ್ಲಿ, ಸ್ವಾರ್ಥದ ಸೋಂಕಿಲ್ಲದ ನಿಷ್ಪಕ್ಷಪಾತಿಗಳು. ನ್ಯಾಯಾಧೀಶರು ಎರಡನೆಯ ಬಗೆಯವರಾಗಿರಬೇಕು, ಮೊದಲನೆಯ ಬಗೆಯವರಾಗಬಾರದು. ‘ಇಮ್ಮಾರಲ್’ ಎಂಬುದು ನೀತಿಯನ್ನು ಮುರಿದವರನ್ನು ಹೇಳಿದರೆ, ಗ್ರೀಕ್ ಮೂಲದ ‘ಅ’ ಸೇರಿದ ‘ಏಮಾರಲ್’ ಎಂಬುದು ನೀತಿ–ಅನೀತಿಯ ಪ್ರಶ್ನೆಯೇ ಅನ್ವಯಿಸದ ಸ್ಥಿತಿಯನ್ನು ಹೇಳುತ್ತದೆ. ‘ನಾನ್‌ಹ್ಯೂಮನ್’ ಬರಿಯ ವರ್ಗೀಕರಣ, ‘ಇನ್‌ಹ್ಯೂಮನ್’ ಖಂಡನೆ. ಕನ್ನಡದಲ್ಲಿ ನಾವು ಮೊದಲನೆಯದನ್ನು ‘ಮಾನವೇತರ’ ಎಂದೂ ಎರಡನೆಯದನ್ನು ‘ಅಮಾನವೀಯ’ ಎಂದೂ ಬೇರೆ ಬೇರೆಯಾಗಿಯೇ ಹೇಳುತ್ತೇವಲ್ಲವೇ?

ಈ ವಿವೇಚನೆ ನಮಗೆ ಹೊಸದೇನಲ್ಲ. ಸಂಸ್ಕೃತ ವ್ಯಾಕರಣ ಪರಂಪರೆಯು ‘ನಞ್’ ಎಂಬ ನಿಷೇಧಕ್ಕೆ ಸಾದೃಶ್ಯ, ಅಭಾವ, ಅನ್ಯತ್ವ, ಅಲ್ಪತೆ, ಅಪ್ರಾಶಸ್ತ್ಯ, ವಿರೋಧ ಎಂದು ಆರು ಅರ್ಥಗಳನ್ನು ಗುರುತಿಸಿದೆ. ‘ಅಧರ್ಮ’ ಎಂದರೆ ಧರ್ಮವಿಲ್ಲದಿರುವುದಷ್ಟೇ ಅಲ್ಲ, ಧರ್ಮಕ್ಕೆ ಎದುರಾಗಿ ನಿಲ್ಲುವುದು ಎಂದು ಬಲ್ಲ ವಿದ್ಯಾರ್ಥಿಗೆ, ‘ಅನ್‌ಹ್ಯಾಪಿ’ ಎಂದರೆ ಸಂತೋಷದ ಗೈರುಹಾಜರಿಯಷ್ಟೇ ಅಲ್ಲ, ದುಃಖವೇ ಇರುವುದು ಎಂದು ವಿವರಿಸುವುದು ಕಷ್ಟವಾಗಲಾರದು. ಇಂಗ್ಲಿಷಿನ ‘ಅನ್’, ಲ್ಯಾಟಿನ್ನಿನ ‘ಇನ್’, ಗ್ರೀಕ್ ಮತ್ತು ಸಂಸ್ಕೃತಗಳ ‘ಅ’, ‘ಅನ್’ ಇವೆಲ್ಲ ಒಂದೇ ಪ್ರಾಚೀನ ಮೂಲದಿಂದ ಬಂದವು ಎಂಬುದನ್ನೂ ತರಗತಿಯಲ್ಲಿ ಹೇಳಬೇಕೆಂಬುದು ನನ್ನ ಆಸೆ.

ಕ್ರಿಯಾಪದಗಳ ನಡೆಯೇ ಬೇರೆ. ‘ಅನ್‌ಟೈ’ ಎಂದರೆ ಕಟ್ಟದಿರುವುದಲ್ಲ, ಕಟ್ಟಿದ್ದನ್ನು ಬಿಚ್ಚುವುದು. ಹೀಗಾಗಿಯೇ ‘ಅನ್‌ಲಾಕಬಲ್’ ಎಂಬ ಒಂದೇ ಪದಕ್ಕೆ ಬೀಗ ಹಾಕಲಾಗದ್ದು, ಬೀಗ ತೆಗೆಯಬಹುದಾದದ್ದು ಎಂಬ ಎರಡು ಅರ್ಥಗಳೂ ಸಲ್ಲುತ್ತವೆ.

ಎಲ್ಲಕ್ಕಿಂತ ಅಪಾಯಕಾರಿಯಾದ ಪದ ‘ಇನ್‌ಫ್ಲೇಮಬಲ್’. ಇಲ್ಲಿರುವ ‘ಇನ್’ ನಿಷೇಧದ್ದೇ ಅಲ್ಲ. ಹೊತ್ತಿಸು ಎಂಬ ಅರ್ಥದ ಲ್ಯಾಟಿನ್ ಧಾತುವಿನೊಡನೆ ಬಂದದ್ದು. ಹಾಗಾಗಿ ‘ಫ್ಲೇಮಬಲ್’, ‘ಇನ್‌ಫ್ಲೇಮಬಲ್’ ಎರಡಕ್ಕೂ ಸುಲಭವಾಗಿ ಬೆಂಕಿ ಹೊತ್ತಿಕೊಳ್ಳುವಂಥದ್ದು ಎಂದೇ ಅರ್ಥ. ಬೆಂಕಿ ಹೊತ್ತಿಕೊಳ್ಳದಂಥದ್ದು ‘ನಾನ್‌ಫ್ಲೇಮಬಲ್’. ಡಬ್ಬಿಯ ಮೇಲಿನ ಪದವನ್ನು ಪಟ್ಟಿಯ ಸೂತ್ರದಿಂದ ಓದಿಕೊಂಡವರು ಅದನ್ನು ಒಲೆಯ ಬಳಿಯೇ ಇಟ್ಟಾರು. ಅಪಾಯಕಾರಿ ಸರಕುಗಳ ಸಾಗಣೆಗಾಗಿ ವಿಶ್ವಸಂಸ್ಥೆ ಮಾಡಿರುವ ವರ್ಗೀಕರಣದ 3ನೇ ವರ್ಗಕ್ಕೆ ‘ಫ್ಲೇಮಬಲ್ ಲಿಕ್ವಿಡ್ಸ್’ ಎಂಬ ಗೊಂದಲಕ್ಕೆಡೆಯಿಲ್ಲದ ಹೆಸರಿರುವುದು ಸಮಾಧಾನದ ಸಂಗತಿ.

ಭಾಷಾಂತರದಲ್ಲಿಯೂ ಇಂಥ ಜಾಗರೂಕತೆ ಬೇಕು. ‘ಅನ್‌ಕ್ವಾಲಿಫೈಡ್ ಡಾಕ್ಟರ್’ ಎಂದರೆ ಅರ್ಹತೆಯಿಲ್ಲದ ವೈದ್ಯ. ಆದರೆ ‘ಅನ್‌ಕ್ವಾಲಿಫೈಡ್ ಸಪೋರ್ಟ್’ ಎಂದರೆ ಬೇಷರತ್ ಬೆಂಬಲ. ‘ಡಿಸ್‌ಕ್ವಾಲಿಫೈಡ್’ ಆದವರು ಮೊದಲು ಅರ್ಹರೆನಿಸಿದ್ದು ನಂತರ ಅನರ್ಹಗೊಂಡಿರಲೂಬಹುದು. ಈ ವ್ಯತ್ಯಾಸ ತಪ್ಪಿದರೆ ಸುದ್ದಿಯ ತಿರುಳೇ ತಿರುಗುಮುರುಗಾಗುತ್ತದೆ.

ಆದ್ದರಿಂದ ಪ್ರಶ್ನೆಪತ್ರಿಕೆಗಳಲ್ಲಿ ‘ವಿರುದ್ಧ ಪದ ಬರೆಯಿರಿ’ ಎಂದು ಬಿಡಿಪದ ಕೊಡುವ ಬದಲು, ಒಂದು ವಾಕ್ಯ ಕೊಟ್ಟು ಅದಕ್ಕೆ ‘ಅನ್‌ಇಂಟರೆಸ್ಟೆಡ್’ ಹೊಂದುವುದೋ ‘ಡಿಸ್‌ಇಂಟರೆಸ್ಟೆಡ್’ ಹೊಂದುವುದೋ ಎಂದು ಕೇಳುವ ಕ್ರಮವನ್ನು ಪಠ್ಯಕ್ರಮ ರೂಪಿಸುವವರು ಪರಿಶೀಲಿಸಬೇಕೆಂದು ಕೋರುತ್ತೇನೆ. ತಮ್ಮ ಪತ್ರಿಕೆಯೂ ಇಂಥ ಜೋಡಿಪದಗಳನ್ನು ವಾರಕ್ಕೊಂದರಂತೆ ಉದಾಹರಣೆ ಸಹಿತ ಪ್ರಕಟಿಸಿದರೆ ಅಧ್ಯಾಪಕರಿಗೂ ಅನುವಾದಕರಿಗೂ ಬಹಳ ಉಪಯೋಗವಾಗುತ್ತದೆ.

ಇಂತಿ,
ಒಬ್ಬ ಇಂಗ್ಲಿಷ್ ಅಧ್ಯಾಪಕಿ