ಆಳುವ ನಾಯಕ ಅಳುವ ನಾಯಕನಾದ ಬಗ್ಗೆ ದೂರು

ಇಂದ:
ವಾರ್ಷಿಕ ಚಂದಾದಾರಳು, ಚಿತ್ರದುರ್ಗ

ಗೆ:
ಕುಂದುಕೊರತೆ ಅಧಿಕಾರಿಗಳು, ಆಡಿಯೊ ಪುಸ್ತಕ ವಿಭಾಗ

ವಿಷಯ: ಐತಿಹಾಸಿಕ ಕಾದಂಬರಿಯ ಆಡಿಯೊ ಪುಸ್ತಕದಲ್ಲಿ ನಡುವೆ ದನಿ ಬದಲಿಸಿದ್ದು, ಪುಟಗಳನ್ನು ಬಿಟ್ಟಿದ್ದು ಮತ್ತು ಹಣ ವಾಪಸಾತಿ ಕುರಿತು.

ಮಾನ್ಯರೇ,

ನಿಮ್ಮ ಆ್ಯಪ್‌ಗೆ ಒಂದು ವರ್ಷದ ಚಂದಾ 999 ರೂಪಾಯಿ ಕಟ್ಟಿದವಳು ನಾನಾದರೂ ಅದನ್ನು ಕೇಳುವವರು ನನ್ನ ತಾಯಿ. ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದು ನಿವೃತ್ತರಾದವರು, ವಯಸ್ಸು 79. ಗ್ಲಾಕೋಮಾದಿಂದ ಎರಡೂ ಕಣ್ಣು ಮಂಜಾಗಿ ನಾಲ್ಕು ವರ್ಷವಾಯಿತು. ಕಣ್ಣಿದ್ದ ಕಾಲದಲ್ಲಿ ದುರ್ಗದ ಪಾಳೆಯಗಾರರ ಕಾದಂಬರಿಗಳನ್ನು ಮೂರು ನಾಲ್ಕು ಸಲ ಓದಿ ಮುಗಿಸಿದವರು. ಈ ಪತ್ರದಲ್ಲಿರುವ ತಪ್ಪುಗಳಲ್ಲಿ ಹೆಚ್ಚಿನವನ್ನು ಹಿಡಿದದ್ದು ಅವರೇ. ನಾನು ಬರೆದುಕೊಂಡೆ, ಅಷ್ಟೆ. ಕಾದಂಬರಿ ಯಾವುದೆಂಬುದು ನಿಮ್ಮಲ್ಲಿರುವ ನನ್ನ ಖಾತೆಯ ವಿವರದಲ್ಲಿದೆ. ನೀವು ಮಾಡಿದ ಕೆಲಸಕ್ಕೆ ಆ ಹಿರಿಯ ಲೇಖಕರ ಹೆಸರನ್ನು ಇಲ್ಲಿ ಎಳೆದು ತರುವ ಮನಸ್ಸಿಲ್ಲ.

ಚೆನ್ನಾಗಿದ್ದದ್ದನ್ನು ಮೊದಲು ಹೇಳಿಬಿಡುತ್ತೇನೆ. ಮೊದಲ 20 ಅಧ್ಯಾಯಗಳನ್ನು ಓದಿದ ಹಿರಿಯರು ಯಾರೋ ತಿಳಿಯದು, ನೀವು ಅವರ ಹೆಸರನ್ನೂ ಹಾಕಿಲ್ಲ. ದಳವಾಯಿಯ ಸಿಟ್ಟನ್ನು ಕೂಗಿ ತೋರಿಸದೆ, ಮಾತನ್ನು ತುಸು ತಡೆದು ತೋರಿಸುತ್ತಿದ್ದರು. ‘ಇವರು ನಾಟಕದಲ್ಲಿ ಪಾತ್ರ ಮಾಡಿದವರೇ ಇರಬೇಕು’ ಎಂದು ಅಮ್ಮ ಎರಡನೆಯ ದಿನವೇ ತೀರ್ಮಾನಿಸಿದ್ದರು. ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು, ಪಕ್ಕದಲ್ಲಿ ಸ್ಪೀಕರ್ ಇಟ್ಟುಕೊಂಡು ಶೇಂಗಾ ಸುಲಿಯುತ್ತಾ ಕೇಳುವುದು ರೂಢಿಯಾಯಿತು. ಒಂದು ಅಧ್ಯಾಯಕ್ಕೆ ಅರ್ಧ ಸೇರು ಕಾಯಿ ಎಂಬ ಲೆಕ್ಕವೂ ಆಯಿತು.

ಕಳೆದ ತಿಂಗಳು 21ನೇ ಅಧ್ಯಾಯ ಹಚ್ಚಿದಾಗ ಆ ದನಿ ಇರಲಿಲ್ಲ. ಅದರ ಜಾಗದಲ್ಲಿ ಯಂತ್ರದ ದನಿ. ಮುನ್ಸೂಚನೆ ಇಲ್ಲ, ವಿವರಣೆ ಇಲ್ಲ. ಅದು ಯುದ್ಧವನ್ನೂ ಊಟವನ್ನೂ ಒಂದೇ ರಾಗದಲ್ಲಿ, ರೈಲು ನಿಲ್ದಾಣದ ಪ್ರಕಟಣೆಯಂತೆ ಓದುತ್ತದೆ. ‘ಕ್ರಿ.ಶ.’ ಎಂದು ಬಂದಲ್ಲಿ ‘ಕ್ರಿ’ ಎಂದು ಒಂದು ವಾಕ್ಯ ಮುಗಿಸಿ, ಉಸಿರು ತೆಗೆದುಕೊಂಡು, ‘ಶ’ ಎಂದು ಇನ್ನೊಂದು ಶುರುಮಾಡುತ್ತದೆ. ಇಷ್ಟಾದರೂ ಸಹಿಸುತ್ತಿದ್ದೆವು. ಆದರೆ ‘ದುರ್ಗವನ್ನು ಆಳುವ ನಾಯಕ’ ಎಂದಿರಬೇಕಾದಲ್ಲಿ ‘ದುರ್ಗವನ್ನು ಅಳುವ ನಾಯಕ’ ಎಂದು ಓದಿತು. ಅಮ್ಮನ ಕೈಯಲ್ಲಿದ್ದ ಕಾಯಿ ಒಡೆಯದೆ ಹಾಗೇ ನಿಂತಿತು. ‘ಇವನೇಕೆ ಈಗಲೇ ಅಳುತ್ತಿದ್ದಾನೆ? ಹೈದರ ಇನ್ನೂ ಬಂದೇ ಇಲ್ಲವಲ್ಲ!’ ಎಂದರು. ನಾನು ನಕ್ಕೆ, ಅವರು ನಗಲಿಲ್ಲ. ಅದೇ ಅಧ್ಯಾಯದಲ್ಲಿ ಸಂತೆ ಹೊಂಡ ‘ಸಂತೆ ಹೋಂಡ’ವಾಗಿ, ನಮ್ಮೂರಿನ ನಡುವೆ ಇರುವ ಹಳೆಯ ಹೊಂಡ ಮೋಟಾರ್ ಸೈಕಲ್ ಅಂಗಡಿಯಂತೆ ಕೇಳಿಸಿತು.

ಕಾರಣ ನನಗೆ ತೋಚಿದಂತೆ ಇದು: ಹಳೆಯ ಮುದ್ರಣವನ್ನು ಸ್ಕ್ಯಾನ್ ಮಾಡಿ, ಯಂತ್ರದಿಂದಲೇ ಅಕ್ಷರಕ್ಕಿಳಿಸಿ, ಯಾರೂ ತಿದ್ದದೆ ಮತ್ತೊಂದು ಯಂತ್ರದ ಬಾಯಿಗೆ ಕೊಟ್ಟಿದ್ದೀರಿ. ಅ ಮತ್ತು ಆ ನಡುವೆ, ಹೊ ಮತ್ತು ಹೋ ನಡುವೆ ಇರುವುದು ಸಣ್ಣದೊಂದು ಗೆರೆಯ ವ್ಯತ್ಯಾಸ. ಹಳದಿ ಬಿದ್ದ ಕಾಗದದಲ್ಲಿ ಅದು ಯಂತ್ರಕ್ಕೆ ಕಾಣದಿರಬಹುದು. ಕನ್ನಡ ಬಲ್ಲ ಒಬ್ಬರು ಒಮ್ಮೆ ಕೂತು ಕೇಳಿದ್ದರೆ ಅವರಿಗೆ ಕೇಳಿಸುತ್ತಿತ್ತು. ಅಧ್ಯಾಯದ ಮುಂದೆ ನೀವು ಹೊಸದಾಗಿ ಸೇರಿಸಿರುವ ಸಾರಾಂಶವಂತೂ ಇನ್ನೂ ಒಂದು ಹೆಜ್ಜೆ ಮುಂದೆ: ‘ಸೈನಿಕರು ತಣ್ಣೀರು ದೋಣಿ ಏರಿ ಆಚೆ ದಡ ಸೇರಿದರು’ ಎಂದಿದೆ. ತಣ್ಣೀರು ದೋಣಿ ಎಂಬುದು ಕೋಟೆಯೊಳಗೆ ಬಂಡೆಗಳ ನಡುವೆ ತಣ್ಣನೆಯ ನೀರು ನಿಲ್ಲುವ ತಾಣ. ಅದರಲ್ಲಿ ಕೊಡ ಮುಳುಗಿಸಬಹುದು, ಸೈನ್ಯವನ್ನು ಕೂರಿಸಲಾಗದು.

ಇವೆಲ್ಲ ಉಚ್ಚಾರದ ಮಾತಾಯಿತು. ಮುಖ್ಯ ದೂರು ಬೇರೆ ಇದೆ. ಪುಸ್ತಕದ ಮುಖಪುಟದಲ್ಲಿ ‘ಪೂರ್ಣ ಪಾಠ’ ಎಂದು ಹಾಕಿದ್ದೀರಿ. 24ನೇ ಅಧ್ಯಾಯ ಮುಗಿದಾಗ ಅಮ್ಮ ‘ಏನೋ ಬಿಟ್ಟಿದ್ದಾರೆ’ ಎಂದರು. ನಾನು ನಂಬಲಿಲ್ಲ. ಗ್ರಂಥಾಲಯದಿಂದ ಮುದ್ರಿತ ಪ್ರತಿ ತಂದು, ಬೆರಳಿಟ್ಟುಕೊಂಡು ಕೇಳಿದೆ. ಅವರು ಹೇಳಿದ್ದೇ ನಿಜ: ಹನ್ನೊಂದು ಪುಟ ಇಲ್ಲ. ಮುತ್ತಿಗೆಗೆ ಮುಂಚೆ ರಂಗಯ್ಯನ ಬಾಗಿಲಿನಿಂದ ಮೇಲೆ ಏಕನಾಥೇಶ್ವರಿ ಗುಡಿಯ ತನಕ ಕಾವಲು ನೋಡಿಕೊಂಡು ಹೋಗುವ ಭಾಗ, ಸಿಡಿಮದ್ದು ಅರೆಯುವ ಬೀಸುವ ಕಲ್ಲುಗಳು, ಎಣ್ಣೆಕೊಳ, ಎಲ್ಲ ಮಾಯ. ಕಥೆ ಓಡುವುದಿಲ್ಲವೆಂದು ತೆಗೆದಿರಬಹುದು. ಐತಿಹಾಸಿಕ ಕಾದಂಬರಿಯಲ್ಲಿ ಕಥೆ ಓಡದ ಪುಟಗಳಲ್ಲೇ ಊರು ಇರುತ್ತದೆ. 1779ರಲ್ಲಿ ಕೋಟೆ ಹೈದರನ ವಶವಾಯಿತೆಂಬುದು ಇಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ಅಷ್ಟನ್ನು ತಿಳಿಯಲು ಯಾರೂ ಇಪ್ಪತ್ತು ಗಂಟೆ ಕೇಳುವುದಿಲ್ಲ. ಅಮ್ಮನ ಮಂಡಿ ಈಗ ಕೋಟೆ ಹತ್ತಲು ಒಪ್ಪುವುದಿಲ್ಲ. ಆ ಪುಟಗಳಲ್ಲೇ ಹತ್ತಿ ಇಳಿಯುತ್ತಿದ್ದರು.

ನಿಮ್ಮ ಸಹಾಯವಾಣಿಗೆ ಮೂರು ಸಲ ಕರೆ ಮಾಡಿದೆ. ಕನ್ನಡ ಪುಸ್ತಕ ಮಾರುವ ನಿಮ್ಮಲ್ಲಿ ಕನ್ನಡಕ್ಕೆ ಒತ್ತುವ ಅಂಕಿಯೇ ಇಲ್ಲ. ಮೂರನೆಯ ಸಲ ಸಿಕ್ಕವರು ಆ್ಯಪ್ ಅಳಿಸಿ ಮತ್ತೆ ಹಾಕಿಕೊಳ್ಳಲು ಹೇಳಿದರು. ಹಾಗೆ ಮಾಡಿದ ಮೇಲೆ, ಮೊದಲೇ ಇಳಿಸಿಕೊಂಡಿದ್ದ 20 ಅಧ್ಯಾಯಗಳೂ ಹೋಗಿ ಅಲ್ಲಿಯೂ ಯಂತ್ರವೇ ಬಂದು ಕುಳಿತಿದೆ. ಈ ಸಲಹೆಗೆ ನಾನು ಕೃತಜ್ಞಳಾಗಿರಬೇಕೋ ಹೇಗೆ, ನೀವೇ ಹೇಳಬೇಕು.

ಆದ್ದರಿಂದ ಆ ಹಿರಿಯರ ಓದನ್ನು ಮತ್ತೆ ಹಾಕಿ, ಅವರ ಹೆಸರಿನೊಂದಿಗೆ. ಅವರು ಪೂರ್ತಿ ಓದಿಯೇ ಇಲ್ಲವಾದರೆ ಅದನ್ನು ಪುಸ್ತಕದ ಪುಟದಲ್ಲಿ ತಿಳಿಸಿ. ಬಿಟ್ಟ ಪುಟಗಳನ್ನು ಸೇರಿಸಿ, ಇಲ್ಲವೇ ‘ಪೂರ್ಣ’ ತೆಗೆದು ‘ಸಂಕ್ಷಿಪ್ತ’ ಎಂದು ಬರೆಯಿರಿ. ಇವೆರಡೂ ಆಗದಿದ್ದರೆ ಚಂದಾ ಹಣ ಪೂರ್ತಿ ಹಿಂತಿರುಗಿಸಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾನು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಅದಕ್ಕಾಗಿ ನಿಮ್ಮ ಊರಿಗೆ ಅಲೆಯಬೇಕಾಗಿಲ್ಲ. ಬಿಟ್ಟ ಪುಟಗಳ ಫೋಟೊಗಳನ್ನೂ, ತಪ್ಪುಗಳು ಬರುವ ನಿಮಿಷಗಳ ಪಟ್ಟಿಯನ್ನೂ ಲಗತ್ತಿಸಿದ್ದೇನೆ.

ಸದ್ಯಕ್ಕೆ ರಾತ್ರಿ ಊಟದ ನಂತರ ನಾನೇ ಓದುತ್ತಿದ್ದೇನೆ. ನಾಲ್ಕು ಪುಟಕ್ಕೆ ಗಂಟಲು ಕಟ್ಟುತ್ತದೆ. ನನ್ನ ದಳವಾಯಿ ಅಮ್ಮನಿಗೆ ಅಷ್ಟೇನೂ ಹಿಡಿಸಿಲ್ಲ.

ಉತ್ತರವನ್ನು ದಯವಿಟ್ಟು ಕನ್ನಡದಲ್ಲಿ ಬರೆಯಿರಿ. ಅದನ್ನೂ ಅವರಿಗೆ ಓದಿ ಹೇಳಬೇಕು.

ಇಂತಿ,
ನಿಮ್ಮ ಚಂದಾದಾರಳು
ಚಿತ್ರದುರ್ಗ