ಕಂಕುಳು, ತೊಡೆಸಂದಿನ ಬಗ್ಗೆಯೂ ಸ್ವಲ್ಪ ಬರೀರಿ

ಸಂಪಾದಕರಿಗೆ ನಮಸ್ಕಾರ,

ಮಳೆಗಾಲದಲ್ಲಿ ಚರ್ಮದ ಆರೈಕೆ ಅಂತ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಪೂರ್ತಿ ಓದಿದೆ. ಮುಖ, ಕೈಕಾಲು, ಹಿಮ್ಮಡಿ ಬಿರುಕು, ಕಾಲ್ಬೆರಳ ಸಂದಿನ ಕೆಸರುಹುಣ್ಣು ಎಲ್ಲ ಇತ್ತು, ಚಂದ ಬರ್ದಿದ್ರು. ಆದ್ರೆ ನಮ್ಮ ಕರಾವಳಿಯವರು ಹೆಚ್ಚು ಒದ್ದಾಡುವ ಜಾಗ ಯಾವುದು, ಕಂಕುಳು, ತೊಡೆಸಂದು, ಗುಪ್ತಾಂಗದ ಸುತ್ತ, ಅಲ್ಲಿಯ ಕೂದಲು ತೆಗೆದು ಆಗುವ ಉರಿ ತುರಿಕೆ, ಅದರ ಬಗ್ಗೆ ಒಂದು ಸಾಲೂ ಇರ್ಲಿಲ್ಲ. ಬರೆಯುವವರಿಗೆ ಗೊತ್ತಿಲ್ಲ ಅಂತ ಅಲ್ಲ, ಮನೆಯಲ್ಲಿ ಎಲ್ಲರೂ ಓದುವ ಪೇಪರಿನಲ್ಲಿ ಇದನ್ನು ಹಾಕುದು ಹೇಗೆ ಅಂತ ಬಿಟ್ಟಿರಬೇಕು. ನಾನು ಉಡುಪಿಯಲ್ಲಿ ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್ ಆಗಿ ಕೆಲಸ ಮಾಡುವವಳು, ಈ ಒಂದು ನಾಚಿಕೆಯಿಂದ ಜನರಿಗೆ ಎಷ್ಟು ಪೆಟ್ಟು ಬೀಳ್ತಾ ಉಂಟು ಅಂತ ಕೌಂಟರಿನ ಈಚೆ ನಿಂತು ದಿನಾ ನೋಡ್ತೇನೆ, ಅದಕ್ಕೇ ಈ ಪತ್ರ.

ಹೇಗೆ ಬರ್ತಾರೆ ಗೊತ್ತುಂಟಾ, ಬೇರೆ ಗಿರಾಕಿ ಹೋಗುವವರೆಗೆ ಮೂಲೆಯಲ್ಲಿ ನಿಂತಿರ್ತಾರೆ, ಆಮೇಲೆ ಮೆಲ್ಲ ಹತ್ರ ಬಂದು "ಮೇಡಂ, ತುರಿಕೆಗೆ ಒಂದು ಟ್ಯೂಬ್ ಕೊಡಿ" ಅಂತಾರೆ. ಎಲ್ಲಿ ತುರಿಕೆ ಅಂದ್ರೆ ಉತ್ತರ ಇಲ್ಲ. ಗಂಡಸರಾದ್ರೆ ನನ್ನನ್ನು ನೋಡಿ ವಾಪಸ್ ಹೋಗುವವರೂ ಇದ್ದಾರೆ. ಸ್ವಲ್ಪ ಸಮಾಧಾನದಿಂದ ಕೇಳಿದ್ರೆ ಹೆಚ್ಚುಕಮ್ಮಿ ಒಂದೇ ಕತೆ ಬರ್ತದೆ, ಬಚ್ಚಲಲ್ಲಿ ಇದ್ದ ಹಳೆ ರೇಜರಿನಲ್ಲಿ ಗಡಿಬಿಡಿಯಲ್ಲಿ ಬೋಳಿಸಿದ್ದು, ಉರಿ ಶುರು ಆದದ್ದು, ಅದಕ್ಕೆ ನೀರು ಬೆರೆಸದೆ ಡೆಟ್ಟಾಲ್ ಹಚ್ಚಿದ್ದು, ಇನ್ನೂ ಉರಿ ಜಾಸ್ತಿ ಆಗಿ ಕೆಂಪು ಬೊಕ್ಕೆ ಎದ್ದದ್ದು, ಯಾರೋ ಫ್ರೆಂಡ್ ಹೇಳಿದ ಟ್ಯೂಬ್ ಹಚ್ಚಿದ್ದು, ಎರಡು ದಿನ ಕಮ್ಮಿ ಆಗಿ ಈಗ ತೊಡೆಯವರೆಗೆ ಹರಡಿದ್ದು. ಇದರಲ್ಲಿ ಒಂದೊಂದು ಹೆಜ್ಜೆಯೂ ತಪ್ಪಿಸ್ಲಿಕ್ಕೆ ಆಗುವಂತದ್ದು, ಹೇಳುವವರು ಇರ್ಲಿಲ್ಲ ಅಷ್ಟೇ.

ಮೊದಲನೆಯದಾಗಿ ಆ ಕೂದಲು ಕೊಳಕು ಅಲ್ಲ. ತೆಗೆದ್ರೆ ಮಾತ್ರ ಕ್ಲೀನ್ ಅಂತ ಯಾರು ತಲೆಗೆ ತುಂಬಿಸಿದ್ದೋ ಗೊತ್ತಿಲ್ಲ, ಈಗಿನ ಹುಡುಗ ಹುಡುಗಿಯರಿಗೆ ಅದು ಪಕ್ಕಾ ನಂಬಿಕೆ. ಚರ್ಮಕ್ಕೆ ಚರ್ಮ ಉಜ್ಜುವ ಜಾಗದಲ್ಲಿ ಆ ಕೂದಲು ನಡುವೆ ಇದ್ದು ಉಜ್ಜಾಟ ಕಮ್ಮಿ ಮಾಡ್ತದೆ. ವಾಸನೆ ಬರುದು ಬೆವರಿನ ಮೇಲೆ ಬ್ಯಾಕ್ಟೀರಿಯಾ ಬೆಳೆದು, ದಿನಾ ಸ್ನಾನ ಮಾಡಿ ಒಣಗಿಸಿಕೊಂಡ್ರೆ ಕೂದಲು ಇದ್ರೂ ಏನೂ ತೊಂದ್ರೆ ಇಲ್ಲ. ಆಸ್ಪತ್ರೆಯ ವಿಷಯದಲ್ಲೂ ಇದೇ. ಆಪರೇಶನ್ ಮೊದಲು ಕೂದಲು ತೆಗೆಯುದೇ ಬೇಡ, ತೆಗೆಯಲೇಬೇಕಾದ್ರೆ ಕ್ಲಿಪ್ಪರಿನಲ್ಲಿ ಕತ್ತರಿಸಿ, ರೇಜರಿನಲ್ಲಿ ಬೋಳಿಸ್ಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ, ಯಾಕಂದ್ರೆ ಬ್ಲೇಡ್ ಮಾಡುವ ಕಣ್ಣಿಗೆ ಕಾಣದ ಗೀರುಗಳಲ್ಲೇ ಸೋಂಕು ಹತ್ತುದು. ಅದೇ ಸಂಸ್ಥೆಯ 2018ರ ಹೆರಿಗೆ ಮಾರ್ಗಸೂಚಿಯಲ್ಲೂ ಸಹಜ ಹೆರಿಗೆಗೆ ಮೊದಲು ರೂಢಿ ಅಂತ ಬೋಳಿಸುವ ಅಗತ್ಯ ಇಲ್ಲ ಅಂತ ಉಂಟು. ಆದ್ರೂ ನಮ್ಮಲ್ಲಿ ಒಂಬತ್ತು ತಿಂಗಳ ಹೊಟ್ಟೆ ಹೊತ್ತ ಹುಡುಗಿ, ಬಗ್ಗಿದ್ರೆ ಕೆಳಗೆ ಏನೂ ಕಾಣದ ಸ್ಥಿತಿಯಲ್ಲಿ, ನರ್ಸ್ ಬೈತಾರೆ ಅಂತ ಹೆದರಿ ಮನೆಯಲ್ಲೇ ಬ್ಲೇಡ್ ಹಿಡಿಯುದು ಉಂಟು. ದಯವಿಟ್ಟು ಯಾವ ಅತ್ತೆಯೂ ಯಾವ ಅಮ್ಮನೂ ಅವಳಿಗೆ ಹಾಗೆ ಹೇಳ್ಬೇಡಿ.

ಹಾಗಂತ ತೆಗೆಯುವವರು ತಪ್ಪು ಮಾಡ್ತಾರೆ ಅಂತ ನಾನು ಹೇಳುದಿಲ್ಲ. ಸೆಕೆಗೆ ಇಷ್ಟ ಆಗುದಿಲ್ಲ ಅಂತ ತೆಗೆಯುವವರಿದ್ದಾರೆ, ಈಜುವವರಿದ್ದಾರೆ, ನಮ್ಮ ಮುಸ್ಲಿಂ ಬಾಂಧವರಲ್ಲಿ 40 ದಿನಕ್ಕಿಂತ ಹೆಚ್ಚು ಬಿಡಬಾರದು ಅಂತ ಧರ್ಮದ ಕ್ರಮವೇ ಉಂಟು. ಅವರವರ ಇಷ್ಟ. ತೆಗೆಯುದಾದ್ರೆ ಚರ್ಮಕ್ಕೆ ಪೆಟ್ಟಾಗದ ಹಾಗೆ ತೆಗೆಯುದು ಹೇಗೆ ಅಂತ ಗೊತ್ತಿರ್ಬೇಕು ಅಷ್ಟೇ.

ನನ್ನನ್ನು ಕೇಳಿದ್ರೆ ಟ್ರಿಮ್ಮರ್. ಬೋಳಿಸುದೇ ಬೇಡ, ಎರಡು ಮೂರು ಮಿಲಿಮೀಟರ್ ಉಳಿಯುವ ಹಾಗೆ ಗಾರ್ಡ್ ಹಾಕಿ ಸಣ್ಣ ಮಾಡಿದ್ರೆ ಸೆಕೆಯೂ ಕಮ್ಮಿ, ಗೀರೂ ಇಲ್ಲ, ಬೊಕ್ಕೆಯೂ ಇಲ್ಲ. ಗಡ್ಡಕ್ಕೆ ಬೇರೆ ಇದಕ್ಕೆ ಬೇರೆ ಇಟ್ಕೊಳ್ಳಿ, ಗಂಡ ಹೆಂಡತಿ ಆದ್ರೂ ಹಂಚಿಕೊಳ್ಬೇಡಿ.

ನುಣ್ಣಗೇ ಆಗ್ಬೇಕು ಅನ್ನುವವರಿಗೆ ರೇಜರ್, ಅದಕ್ಕೆ ಸ್ವಲ್ಪ ತಾಳ್ಮೆ ಬೇಕು. ಬೊಕ್ಕೆ ಯಾಕೆ ಬರ್ತದೆ ಅಂತ ಮೊದಲು ತಿಳ್ಕೊಂಡ್ರೆ ಉಳಿದದ್ದು ಸುಲಭ. ಆ ಜಾಗದ ಕೂದಲು ದಪ್ಪ ಮತ್ತು ಗುಂಗುರು, ಬ್ಲೇಡ್ ಅದನ್ನು ಓರೆಯಾಗಿ ಕತ್ತರಿಸಿದಾಗ ತುದಿ ಸೂಜಿ ಹಾಗೆ ಚೂಪಾಗ್ತದೆ, ಮೂರು ಐದು ಬ್ಲೇಡಿನ ರೇಜರ್ ಆದ್ರೆ ಕೂದಲನ್ನು ಎಳೆದು ಕತ್ತರಿಸುದ್ರಿಂದ ತುದಿ ಚರ್ಮದ ಮಟ್ಟಕ್ಕಿಂತ ಒಳಗೆ ಹೋಗ್ತದೆ, ಆಮೇಲೆ ಅದು ಬೆಳೆಯುವಾಗ ಹೊರಗೆ ಬರ್ಲಿಕ್ಕೆ ದಾರಿ ಸಿಗದೆ ಒಳಗೇ ಬಾಗಿ ಚರ್ಮಕ್ಕೇ ಚುಚ್ಚಿಕೊಳ್ತದೆ. ದೇಹ ಅದನ್ನು ಮುಳ್ಳು ಅಂತ ತಿಳಿದು ಊದಿಸ್ತದೆ. ಅದೇ ಬೊಕ್ಕೆ.

ಹಾಗಾಗಿ ಒಣ ಚರ್ಮಕ್ಕೆ ಬ್ಲೇಡ್ ಮುಟ್ಟಿಸಲೇಬಾರದು. ಉದ್ದ ಇದ್ರೆ ಮೊದಲು ಕತ್ತರಿಯಲ್ಲೋ ಟ್ರಿಮ್ಮರಿನಲ್ಲೋ ಸಣ್ಣ ಮಾಡ್ಕೊಳ್ಳಿ, ಮತ್ತೆ ಉಗುರು ಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿ ಐದು ನಿಮಿಷ ಕೂದಲು ನೆನೆದು ಮೆತ್ತಗಾದ ಮೇಲೆ ಪರಿಮಳ ಇಲ್ಲದ ಶೇವಿಂಗ್ ಜೆಲ್ ಹಚ್ಚಿ ಹೊಸ ಬ್ಲೇಡಿನಲ್ಲಿ, ಕೂದಲು ಯಾವ ದಿಕ್ಕಿಗೆ ಮಲಗಿದೆಯೋ ಅದೇ ದಿಕ್ಕಿಗೆ, ಒತ್ತದೆ ಎಳೀರಿ. ಚರ್ಮವನ್ನು ತುಂಬಾ ಬಿಗಿಯಾಗಿ ಎಳೆದು ಹಿಡಿಯುದು ಬೇಡ. ಪ್ರತಿ ಸಲ ಬ್ಲೇಡ್ ತೊಳೀರಿ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗ್ಬೇಡಿ, ಸ್ವಲ್ಪ ಉಳಿದ್ರೆ ಉಳೀಲಿ, ಉಲ್ಟಾ ಬೋಳಿಸುವ ಆಸೆಯೇ ಬೊಕ್ಕೆಗೆ ಕಾರಣ. ಬಟ್ಟೆ ಒಗೆಯುವ ಸೋಪ್ ಹಚ್ಚಿ ಬೋಳಿಸುವವರನ್ನೂ ಕಂಡಿದ್ದೇನೆ, ಆ ಜಾಗದ ಚರ್ಮ ಎಷ್ಟು ತೆಳ್ಳಗೆ ಅಂತ ಒಂದು ಕ್ಷಣ ಯೋಚಿಸಿ. ಮತ್ತೆ ರೇಜರನ್ನು ಬಚ್ಚಲಲ್ಲಿ ಬಿಡ್ಬೇಡಿ, ನಮ್ಮ ಊರಿನ ಜೂನ್ ಜುಲೈಯಲ್ಲಿ ಅಲ್ಲಿ ಯಾವುದೂ ಒಣಗುದಿಲ್ಲ, ಒದ್ದೆ ಬ್ಲೇಡಿನಲ್ಲಿ ತುಕ್ಕೂ ರೋಗಾಣುವೂ ಎರಡೂ. ತೊಳೆದು ನೀರು ಕೊಡವಿ ರೂಮಲ್ಲಿ ಇಡಿ. ಹಾಸ್ಟೆಲ್ ಪಿಜಿಯಲ್ಲಿರುವ ಮಕ್ಕಳಿಗೆ ಇದು ಒತ್ತಿ ಹೇಳ್ಬೇಕು, ರೂಮ್‌ಮೇಟಿನ ರೇಜರ್ ಮುಟ್ಬೇಡಿ, ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಬದುಕಿರ್ತದೆ.

ಬೋಳಿಸಿದ್ರೆ ಕೂದಲು ದಪ್ಪ ಆಗಿ ಬೆಳೀತದೆ ಅಂತ ಹೇಳುದು ಸುಳ್ಳು. ಕೂದಲಿನ ತೆಳ್ಳಗಿನ ಸಹಜ ತುದಿ ಹೋಗಿ ಕತ್ತರಿಸಿದ ತುದಿ ಒರಟಾಗಿ ಇರುದ್ರಿಂದ ಮುಟ್ಟುವಾಗ ಹಾಗೆ ಅನಿಸುದು ಮಾತ್ರ, ಬೇರಿಗೆ ಬ್ಲೇಡ್ ಮುಟ್ಟುದೇ ಇಲ್ಲ.

ಇನ್ನು ಹೇರ್ ರಿಮೂವರ್ ಕ್ರೀಮ್, ನಮ್ಮಲ್ಲಿ ಹೆಚ್ಚು ಹೋಗುದು ಅದೇ, ನೋವಿಲ್ಲ ಅಂತ ಜಾಹೀರಾತು ಬೇರೆ. ಅದರಲ್ಲಿ ಥಯೋಗ್ಲೈಕೋಲೇಟ್ ಅಂತ ರಾಸಾಯನಿಕ ಉಂಟು, ಕೂದಲಿನಲ್ಲಿರುವ ಕೆರಟಿನ್ ಅನ್ನುವ ಪ್ರೋಟೀನನ್ನು ಕರಗಿಸುದು ಅದರ ಕೆಲಸ. ಚರ್ಮದ ಮೇಲ್ಪದರವೂ ಕೆರಟಿನ್ನೇ, ಕ್ರೀಮಿಗೆ ಇದು ಕೂದಲು ಅದು ಚರ್ಮ ಅಂತ ಭೇದ ಗೊತ್ತಾಗುದಿಲ್ಲ. ಚರ್ಮದ ಪಿಎಚ್, ಅಂದ್ರೆ ಆಮ್ಲ ಕ್ಷಾರದ ಅಳತೆ, 5ರ ಆಸುಪಾಸು ಇದ್ರೆ ಈ ಕ್ರೀಮುಗಳದ್ದು 12ರ ಹತ್ರ, ಅಂದ್ರೆ ಗಡದ್ದು ಕ್ಷಾರ. ಕೈಕಾಲಿಗೆ ತಡ್ಕೊಳ್ತದೆ, ಗುಪ್ತಾಂಗದ ತೆಳು ಚರ್ಮಕ್ಕೆ ಸುಟ್ಟ ಗಾಯವೇ ಆಗ್ತದೆ, ಪ್ಯಾಕೆಟಿನ ಹಿಂದೆ ಎಲ್ಲಿಗೆ ಹಚ್ಚಬಾರದು ಅಂತ ಸಣ್ಣ ಅಕ್ಷರದಲ್ಲಿ ಬರ್ದಿರ್ತಾರೆ, ಅದನ್ನು ಓದುವವರು ಯಾರು. ಕಂಕುಳಿಗೆ ಬಳಸುದಾದ್ರೂ ಹಿಂದಿನ ದಿನ ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ ನೋಡಿ, ಬರೆದ ಟೈಮಿಗಿಂತ ಒಂದು ನಿಮಿಷವೂ ಜಾಸ್ತಿ ಬಿಡ್ಬೇಡಿ, ಬೋಳಿಸಿದ ಚರ್ಮಕ್ಕೆ ಅದೇ ದಿನ ಹಚ್ಬೇಡಿ. ಉರಿ ಬಂದ್ರೆ ಕೂಡಲೇ ಒರೆಸಿ ತುಂಬಾ ನೀರಿನಲ್ಲಿ ತೊಳೀರಿ.

ವ್ಯಾಕ್ಸಿಂಗ್ ಬಗ್ಗೆ ಹೆಚ್ಚು ಹೇಳುದಿಲ್ಲ, ಪಾರ್ಲರಿನವರು ಒಂದೇ ಕಡ್ಡಿಯನ್ನು ಎಲ್ಲರಿಗೂ ಅದ್ದುದು ಕಂಡ್ರೆ ಎದ್ದು ಬನ್ನಿ, ಮತ್ತೆ ಮೊಡವೆಗೆ ರೆಟಿನಾಯ್ಡ್ ಮುಲಾಮು ಹಚ್ಚುವ ಚರ್ಮಕ್ಕೆ ಬೇಡ, ಮೊಡವೆಗೇ ಕೊಡುವ ಐಸೊಟ್ರೆಟಿನೊಯಿನ್ ಮಾತ್ರೆ ತಿನ್ನುವವರಿಗಂತೂ ಎಲ್ಲಿಗೂ ಬೇಡ, ಚರ್ಮ ಕಿತ್ತೇ ಬರ್ತದೆ. ಲೇಸರ್ ಮಾಡಿಸುವವರು ನಮ್ಮ ಕಂದು ಚರ್ಮಕ್ಕೆ ಯಾವ ಮೆಶೀನ್ ಅಂತ ಕೇಳಿ ಮಾಡಿಸಿ, ಬಣ್ಣ ಜಾಸ್ತಿ ಇರುವ ಚರ್ಮಕ್ಕೆ 1064 ನ್ಯಾನೋಮೀಟರಿನ ಎನ್‌ಡಿ ಯಾಗ್ ಲೇಸರ್ ಹೆಚ್ಚು ಸೇಫ್. ಚರ್ಮದ ಡಾಕ್ಟರ ಹತ್ರವೇ ಮಾಡಿಸಿ, ಆಫರ್ ನೋಡಿ ಹೋಗ್ಬೇಡಿ.

ತೆಗೆದಾದ ಮೇಲಿನ ಎರಡು ದಿನ ನಮ್ಮ ಊರಿನಲ್ಲಿ ದೊಡ್ಡ ವಿಷಯ. ಬೈರಾಸಿನಲ್ಲಿ ಉಜ್ಜದೆ ಒತ್ತಿ ಒರೆಸಿ, ಪರಿಮಳ ಇಲ್ಲದ ಸಾದಾ ಮಾಯಿಶ್ಚರೈಸರ್ ತೆಳ್ಳಗೆ ಹಚ್ಚಿ, ಅಷ್ಟೇ ಸಾಕು. ಡೆಟ್ಟಾಲ್, ಪಟಿಕ, ಲಿಂಬೆಹುಳಿ, ಪೌಡರ್, ಡಿಯೋ ಯಾವುದೂ ಬೇಡ. ಹಿತ್ತಿಲಿನ ಲೋಳೆಸರ ಹಚ್ಚುವವರು ಕತ್ತರಿಸಿದ ಕೂಡಲೇ ಸುರಿಯುವ ಹಳದಿ ಹಾಲನ್ನು ಪೂರ್ತಿ ತೊಳೆದು ಒಳಗಿನ ಲೋಳೆ ಮಾತ್ರ ತೆಗೀರಿ, ಆ ಹಳದಿ ಹಾಲೇ ತುರಿಸುದು. ಹತ್ತಿಯ ಸಡಿಲ ಚಡ್ಡಿ ಹಾಕಿ, ಬಿಗಿ ಜೀನ್ಸ್ ಬೇಡ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಒಳಉಡುಪು ಒಣಗುದಿಲ್ಲ, ಅರೆಒಣಗಿದ್ದನ್ನೇ ಹಾಕಿ ಬಸ್ಸಲ್ಲಿ ಕೂತು ಆಫೀಸಿಗೆ ಹೋಗುದು, ಅಲ್ಲಿ ಫಂಗಸ್ ಹತ್ತದೆ ಇರ್ತದಾ? ಇಸ್ತ್ರಿ ಹಾಕಿ ಬಿಸಿ ಮಾಡಿಯಾದ್ರೂ ಒಣಗಿಸಿ ಹಾಕಿ. ದಿನ ಇಡೀ ಸೀಟಲ್ಲಿ ಕೂತಿರುವ ಬಸ್ ಡ್ರೈವರುಗಳು, ಒಲೆ ಎದುರು ನಿಲ್ಲುವ ಹೋಟೆಲಿನವರು, ಮಲ್ಪೆಯ ಮೀನುಗಾರಿಕಾ ಬಂದರಿನಲ್ಲಿ ಒದ್ದೆ ಬಟ್ಟೆಯಲ್ಲೇ ಕೆಲಸ ಮಾಡುವವರು, ಇವರೆಲ್ಲ ಮಳೆಗಾಲದಲ್ಲಿ ಬೋಳಿಸುದಕ್ಕಿಂತ ಟ್ರಿಮ್ ಮಾಡುದೇ ಒಳ್ಳೇದು.

ಈಗ ನನಗೆ ಅತೀ ಬೇಜಾರು ಇರುವ ವಿಷಯ, ಟ್ಯೂಬ್. ತುರಿಕೆಗೆ ಅಂತ ಜನ ಹೆಸರು ಹೇಳಿ ಕೇಳುವ ಎಷ್ಟೋ ಟ್ಯೂಬಿನಲ್ಲಿ ಫಂಗಸಿನ ಔಷಧಿ, ಬ್ಯಾಕ್ಟೀರಿಯಾದ ಔಷಧಿ, ಅದರೊಟ್ಟಿಗೆ ಕ್ಲೋಬೆಟಾಸಾಲ್, ಬೆಟಾಮೆಥಾಸೋನ್ ಅಂತ ಸ್ಟೀರಾಯ್ಡ್ ಸೇರಿರ್ತದೆ. ಸ್ಟೀರಾಯ್ಡ್ ತುರಿಕೆಯನ್ನು ಕೂಡಲೇ ನಿಲ್ಲಿಸ್ತದೆ, ಜನರಿಗೆ ಖುಷಿ, ಆದ್ರೆ ಚರ್ಮದ ರಕ್ಷಣೆಯನ್ನೂ ನಿಲ್ಲಿಸ್ತದೆ, ಫಂಗಸ್ ಒಳಗಿಂದ ಹರಡ್ತಾ ಹೋಗ್ತದೆ, ಆಕಾರವೇ ಬದಲಾಗಿ ಡಾಕ್ಟರಿಗೂ ಗುರುತು ಹಿಡೀಲಿಕ್ಕೆ ಕಷ್ಟ ಆಗ್ತದೆ. ಚರ್ಮ ತೆಳ್ಳಗಾಗಿ ತೊಡೆಸಂದಿನಲ್ಲಿ ಬರುವ ಗೀಟುಗಳು ಮತ್ತೆ ಹೋಗುದೇ ಇಲ್ಲ. 1967ರಲ್ಲೇ ಅಳತೆ ಮಾಡಿ ನೋಡಿದ್ದಾರೆ, ಮುಂಗೈ ಚರ್ಮ ಹೈಡ್ರೋಕಾರ್ಟಿಸೋನ್ ಅನ್ನುವ ಸ್ಟೀರಾಯ್ಡನ್ನು ಎಷ್ಟು ಹೀರಿಕೊಳ್ತದೋ ಅದರ ಸುಮಾರು 42 ಪಟ್ಟು ಗಂಡಸರ ವೃಷಣದ ಚರ್ಮ ಹೀರಿಕೊಳ್ತದೆ. ಹಾಗಿರುವಾಗ ಅಲ್ಲಿಗೆ ಹೆಚ್ಚು ಪವರಿನ ಸ್ಟೀರಾಯ್ಡ್ ತಿಂಗಳುಗಟ್ಲೆ ಹಚ್ಚಿದ್ರೆ ಏನಾದೀತು? 2018ರಲ್ಲಿ ಕೇಂದ್ರ ಸರಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿದೆ. ಆದ್ರೂ ಸಿಗ್ತದೆ, ನಮ್ಮ ವೃತ್ತಿಯವರೇ ಕೊಡ್ತಾರೆ, ಇದನ್ನು ನಾನು ಬರೆದ್ರೆ ಕೆಲವರಿಗೆ ಸಿಟ್ಟು ಬರಬಹುದು, ಬರ್ಲಿ.

ಬರೇ ಬೋಳಿಸಿದ ಉರಿಯಾದ್ರೆ ಟ್ಯೂಬೇ ಬೇಡ, ತಣ್ಣೀರ ಬಟ್ಟೆ ಇಟ್ಟು, ಗುಣ ಆಗುವವರೆಗೆ ಮತ್ತೆ ಬ್ಲೇಡ್ ಮುಟ್ಟದೆ ಇದ್ರೆ ಕೆಲವು ದಿನದಲ್ಲಿ ತನ್ನಿಂದ ತಾನೇ ಇಳೀತದೆ. ಬೊಕ್ಕೆಯನ್ನು ಉಗುರಲ್ಲಿ ಒಡೀಬೇಡಿ, ಸೂಜಿಯಲ್ಲಿ ಕೂದಲು ಹೆಕ್ಕಿ ತೆಗೀಬೇಡಿ. ಕೀವು ತುಂಬಿದ್ರೆ, ಜ್ವರ ಬಂದ್ರೆ, ಕೆಂಪು ಹರಡ್ತಾ ಹೋದ್ರೆ ಡಾಕ್ಟರ ಹತ್ರ ಹೋಗಿ, ಶುಗರ್ ಇರುವವರು ಒಂದು ದಿನವೂ ಕಾಯ್ಬೇಡಿ. ಕಂಕುಳಲ್ಲೋ ತೊಡೆಸಂದಿನಲ್ಲೋ ಪದೇ ಪದೇ ಕುರು ಎದ್ದು ಒಡೆದು ಕಲೆ ಉಳಿತಾ ಇದ್ರೆ ಅದು ಬ್ಲೇಡಿನದ್ದಲ್ಲದೆಯೂ ಇರಬಹುದು, ಹೈಡ್ರಾಡೆನೈಟಿಸ್ ಅಂತ ಒಂದು ಕಾಯಿಲೆ ಉಂಟು, ಕೊಳಕಿನಿಂದ ಬರುದಲ್ಲ, ಹರಡುದೂ ಇಲ್ಲ, ಚಿಕಿತ್ಸೆ ಉಂಟು, ನಾಚಿಕೆಯಿಂದ ವರ್ಷಗಟ್ಲೆ ಮುಚ್ಚಿಟ್ಟುಕೊಳ್ಳುವವರು ತುಂಬಾ. ಕಂಕುಳು ಕುತ್ತಿಗೆ ಎರಡೂ ಕಪ್ಪಾಗಿ ದಪ್ಪ ಆಗ್ತಾ ಇದ್ರೆ ಬಿಳಿ ಮಾಡುವ ಕ್ರೀಮ್ ಬಿಟ್ಟು ಮೊದಲು ಶುಗರ್ ಟೆಸ್ಟ್ ಮಾಡಿಸಿ. ಮಂಗಳೂರಿನ ವೆನ್ಲಾಕ್ ಸರಕಾರಿ ಆಸ್ಪತ್ರೆಗೋ ಮಣಿಪಾಲದ ಆಸ್ಪತ್ರೆಗೋ ಹೋದ್ರೆ ಚರ್ಮದ ವಿಭಾಗ ಉಂಟು, ಡಾಕ್ಟರು ದಿನಾ ಇದನ್ನೇ ನೋಡುವವರು, ಹೆಂಗಸರಿಗೆ ಲೇಡಿ ಡಾಕ್ಟರೇ ಬೇಕು ಅಂದ್ರೆ ಚೀಟಿ ಮಾಡಿಸುವಾಗಲೇ ಕೇಳಿ.

ಹಾಗಾಗಿ ನನ್ನ ವಿನಂತಿ ಇಷ್ಟೇ, ಮುಂದಿನ ಆರೋಗ್ಯ ಪುಟದಲ್ಲಿ ಒಬ್ಬ ಚರ್ಮದ ಡಾಕ್ಟರಿಂದ ಇದನ್ನು ಸುತ್ತಿಬಳಸದೆ ಬರೆಸಿ, ಕಂಕುಳಿಗೆ ಕಂಕುಳು ಅಂತಲೇ ಬರೀರಿ, ಹುಡುಗಿಯರಿಗೆ ಮಾತ್ರ ಅಲ್ಲ ಹುಡುಗರಿಗೂ ಸೇರಿಸಿ ಬರೀರಿ, ಯಾಕಂದ್ರೆ ಹುಡುಗರು ಯಾರ ಹತ್ರವೂ ಕೇಳುದಿಲ್ಲ. ಟ್ಯೂಬಿನ ಹಿಂದೆ ಸ್ಟೀರಾಯ್ಡ್ ಹೆಸರು ಎಲ್ಲಿ ಇರ್ತದೆ ಅಂತ ಒಂದು ಫೋಟೋ ಹಾಕಿ ತೋರಿಸಿದ್ರೆ ಕತ್ತರಿಸಿ ನಮ್ಮ ಕೌಂಟರಿನ ಗಾಜಿಗೆ ಅಂಟಿಸ್ತೇನೆ.

ಇತಿ,
ಒಬ್ಬ ಫಾರ್ಮಸಿಸ್ಟ್, ಉಡುಪಿ